ದಿನದ ವಾಚನ ಓದಿದ್ದು ಸಂಜೆಯವರೆಗೂ ಜೊತೆಗಿರಬೇಕಾದರೆ ಏನು ಮಾಡಬೇಕು?

"ದಿನಾ ಬೆಳಿಗ್ಗೆ ವಾಚನ ಓದ್ತೀನಿ. ಕಾಫಿ ಕುಡಿದು ಹೊರಗೆ ಕಾಲಿಡೋಷ್ಟರಲ್ಲಿ ಏನು ಓದಿದೆ ಅನ್ನೋದೇ ಮರೆತು ಹೋಗಿರುತ್ತೆ. ಏನು ಮಾಡಲಿ?"

ನಮ್ಮ ಕಥೋಲಿಕ ದೇವಾಲಯದಲ್ಲಿ ಪೂಜೆ ಮುಗಿದು ಅಂಗಳಕ್ಕೆ ಬಂದಾಗ, ಬೈಬಲ್‌ನ ದಿನದ ವಾಚನದ ಬಗ್ಗೆ ಈ ಪ್ರಶ್ನೆ ಬರುತ್ತದೆ. ಮನೆಮನೆ ಪ್ರಾರ್ಥನೆಗೆ ಹೋದಾಗಲೂ ಬರುತ್ತದೆ. ಕೊಡಗಿನ ಸಿದ್ದಾಪುರ ಕಡೆಯ ಲೈನ್ ಮನೆಯ (ತೋಟದ ಕೂಲಿಯವರ ವಸತಿಯ) ಅಕ್ಕಂದಿರು ಕೇಳಿದ್ದಾರೆ. ಮಡಿಕೇರಿಯ ಕಾಲೇಜು ಹುಡುಗರು, ಕುಶಾಲನಗರದಲ್ಲಿ ಅಂಗಡಿ ಇಟ್ಟವರು ಕೇಳಿದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಗುರುವಲ್ಲ, ಅಂದರೆ ಪಾದ್ರಿಯಲ್ಲ. ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಸಾಮಾನ್ಯ ಭಕ್ತ. ಹಾಗಾಗಿ ಇದು ಪಾಠವಲ್ಲ, ದಿನಾ ಮಾಡಿ ನೋಡಿದ ಒಂದು ಕ್ರಮ. ನಿಮ್ಮ ಮನೆಗೆ ಹೊಂದುವ ಹಾಗೆ ಬದಲಿಸಿಕೊಳ್ಳಿ.

ದಿನದ ವಾಚನ ಎಂದರೆ ಯಾವುದು?

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಗೊಂದಲ ಜಾಸ್ತಿ ಇರುವುದು ಇಲ್ಲೇ.

ಬಲಿಪೂಜೆಯಲ್ಲಿ, ಅಂದರೆ ದೇವಾಲಯದ ಪೂಜೆಯಲ್ಲಿ, ಓದುವ ಬೈಬಲ್ ಭಾಗಗಳನ್ನು ಧರ್ಮಸಭೆ (ಕಥೋಲಿಕ ಸಭೆ) ಮೊದಲೇ ಗೊತ್ತು ಮಾಡಿಟ್ಟಿದೆ. ಅವು ಇರುವ ಪುಸ್ತಕಕ್ಕೆ ವಾಚನ ಗ್ರಂಥ ಎನ್ನುತ್ತೇವೆ. ಈಗಿನ ಕ್ರಮ ಬಂದದ್ದು 1969ರಲ್ಲಿ. ಅದಕ್ಕೂ ಮೊದಲು 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ, ಜನರಿಗೆ ದೇವರ ವಾಕ್ಯ ಇನ್ನೂ ಧಾರಾಳವಾಗಿ ಸಿಗಬೇಕು ಎಂದು ಹೇಳಿತ್ತು. ಅದರ ಫಲವೇ ಈ ಕ್ರಮ.

ವಾರದ ದಿನಗಳಲ್ಲಿ ಒಂದು ವಾಚನ, ಒಂದು ಕೀರ್ತನೆ (ಬೈಬಲ್‌ನ ಪ್ರಾರ್ಥನಾ ಗೀತೆ), ಒಂದು ಶುಭಸಂದೇಶ ಇರುತ್ತವೆ. ಭಾನುವಾರ ಇನ್ನೊಂದು ವಾಚನ ಸೇರುತ್ತದೆ. ಶುಭಸಂದೇಶ ಎಂದರೆ ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಈ ನಾಲ್ಕರಲ್ಲಿ ಒಂದರ ಭಾಗ.

ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ಎ ವರ್ಷ ಹೆಚ್ಚಾಗಿ ಮತ್ತಾಯ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ. ಯೊವಾನ್ನನ ಶುಭಸಂದೇಶ ಪಾಸ್ಖ ಕಾಲದಲ್ಲಿ, ಅಂದರೆ ಈಸ್ಟರ್ ನಂತರದ ವಾರಗಳಲ್ಲಿ, ಜಾಸ್ತಿ ಬರುತ್ತದೆ. ಯಾವ ವರ್ಷ ಎಂದು ತಿಳಿಯುವುದು ಸುಲಭ. ಇಸವಿಯನ್ನು 3ರಿಂದ ಭಾಗಿಸಿ. ಏನೂ ಉಳಿಯದಿದ್ದರೆ ಸಿ ವರ್ಷ, 1 ಉಳಿದರೆ ಎ, 2 ಉಳಿದರೆ ಬಿ. 2025 ಸಿ, 2026 ಎ, 2027 ಬಿ. ಒಂದು ಮಾತು ನೆನಪಿರಲಿ. ಧರ್ಮಸಭೆಯ ವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಬರುವ, ಕ್ರಿಸ್ಮಸ್‌ಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ ಶುರುವಾಗುತ್ತದೆ. ಅಂದಿನಿಂದಲೇ ಮುಂದಿನ ಇಸವಿಯ ಲೆಕ್ಕ.

ವಾರದ ದಿನಗಳದ್ದು ಬೇರೆ ಲೆಕ್ಕ. ಸಾಧಾರಣ ಕಾಲದಲ್ಲಿ, ಅಂದರೆ ಯಾವ ವಿಶೇಷ ಕಾಲವೂ ಅಲ್ಲದ, ಗುರುಗಳು ಹಸಿರು ವಸ್ತ್ರ ತೊಡುವ ದಿನಗಳಲ್ಲಿ, ಮೊದಲ ವಾಚನ ಬೆಸ ಇಸವಿಗೆ ಒಂದು, ಸಮ ಇಸವಿಗೆ ಇನ್ನೊಂದು. ಶುಭಸಂದೇಶ ಮಾತ್ರ ಪ್ರತಿ ವರ್ಷ ಅದೇ. ಮೊದಲ 9 ವಾರ ಮಾರ್ಕ, 10ರಿಂದ 21ರವರೆಗೆ ಮತ್ತಾಯ, 22ರಿಂದ 34ರವರೆಗೆ ಲೂಕ.

ಇದೆಲ್ಲ ಯಾಕೆ ಹೇಳಿದೆ ಗೊತ್ತಾ? ಇಂದಿನ ವಾಕ್ಯವನ್ನು ನೀವು ಆರಿಸಿಕೊಂಡಿಲ್ಲ, ಅದು ನಿಮ್ಮ ಹತ್ತಿರ ಬಂದಿದೆ. ನಮ್ಮಷ್ಟಕ್ಕೆ ಬಿಟ್ಟರೆ ನಾವು ಇಷ್ಟವಾದ ಪುಟವನ್ನೇ ಮತ್ತೆ ಮತ್ತೆ ತೆರೆಯುತ್ತೇವೆ. ಕ್ಷಮೆಯ ಬಗ್ಗೆ ಇರುವ ಪುಟವನ್ನು, ಅದರಲ್ಲೂ ಅಣ್ಣತಮ್ಮಂದಿರ ನಡುವೆ ತೋಟದ ಗಡಿಯ ಜಗಳ ನಡೆಯುತ್ತಿರುವ ವಾರದಲ್ಲಿ, ನಾವಾಗಿ ತೆರೆಯುವುದಿಲ್ಲ. ವಾಚನ ಗ್ರಂಥ ತೆರೆಯುತ್ತದೆ. ನನಗಂತೂ ಇದರಲ್ಲಿ ದೇವರ ದೊಡ್ಡ ಕರುಣೆ ಕಾಣುತ್ತದೆ.

ಏನೇನು ಬೇಕು?

ಒಂದು ಬೈಬಲ್, ಒಂದು ನೋಟ್‌ಬುಕ್, ಒಂದು ಪೆನ್ನು, 15 ನಿಮಿಷ. ಇಷ್ಟೇ.

ಬೈಬಲ್ ಕೊಳ್ಳುವಾಗ ಮಾತ್ರ ಎಚ್ಚರ. ಕಥೋಲಿಕ ಬೈಬಲ್‌ನಲ್ಲಿ 73 ಪುಸ್ತಕಗಳಿವೆ. ಪ್ರೊಟೆಸ್ಟಂಟ್ ಸಭೆಗಳ ಬೈಬಲ್‌ನಲ್ಲಿ 66. ತೋಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಪುಸ್ತಕಗಳು ಅದರಲ್ಲಿ ಇರುವುದಿಲ್ಲ. ಬೆಸ ಇಸವಿಗಳಲ್ಲಿ ಸಿರಾಖ, ತೋಬಿತ ವಾರಗಟ್ಟಲೆ ಬರುತ್ತವೆ. "ಪುಸ್ತಕದಲ್ಲಿ ಇಲ್ಲವೇ ಇಲ್ಲ" ಎಂದು ಗಾಬರಿಯಾಗಿ ಕೇಳಿದವರಿದ್ದಾರೆ. ಕೊಳ್ಳುವ ಮೊದಲು ಪರಿವಿಡಿಯಲ್ಲಿ ಈ ಹೆಸರು ಇದೆಯಾ ನೋಡಿ. ನಿಮ್ಮ ಗುರುಗಳನ್ನು ಕೇಳಿಯೇ ಕೊಂಡರೆ ಇನ್ನೂ ಒಳ್ಳೆಯದು.

ಯಾವ ಭಾಷೆಯಲ್ಲಿ ಓದಬೇಕು? ನಮ್ಮ ಕೊಡಗಿನಲ್ಲಿ ಒಂದೇ ದೇವಾಲಯದ ಜನ ಮನೆಗೆ ಹೋದರೆ ಕೊಂಕಣಿ, ಮಲಯಾಳ, ತಮಿಳು, ಕನ್ನಡ ಮಾತಾಡುತ್ತಾರೆ. ನನ್ನ ಸಲಹೆ ಇದು: ನೀವು ಯಾವ ಭಾಷೆಯಲ್ಲಿ ಅಳುತ್ತೀರೋ ಆ ಭಾಷೆಯಲ್ಲಿ ಓದಿ. ಪೂಜೆಯಲ್ಲಿ ಕನ್ನಡದಲ್ಲಿ ಕೇಳಿ, ಮನೆಯಲ್ಲಿ ತಮಿಳಿನಲ್ಲಿ ಓದಿದರೆ ತಪ್ಪೇನಿಲ್ಲ. ಒಂದೇ ಮಾತು ಎರಡು ಭಾಷೆಯಲ್ಲಿ ಬಂದಾಗ ಕೆಲವೊಮ್ಮೆ ಅರ್ಥ ಹೆಚ್ಚು ತಿಳಿಯಾಗುತ್ತದೆ.

1. ಹಿಂದಿನ ರಾತ್ರಿಯೇ ಹುಡುಕಿಡಿ

ಬೆಳಿಗ್ಗೆ ಎದ್ದು ಹುಡುಕಲು ಕೂತರೆ ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಅಷ್ಟರಲ್ಲಿ ಹಾಲಿನವನು ಬರುತ್ತಾನೆ, ಮಕ್ಕಳ ಟಿಫಿನ್ ಕೆಲಸ ಶುರುವಾಗುತ್ತದೆ. ಮಲಗುವ ಮೊದಲು ಪುಟ ಹುಡುಕಿ ಅಲ್ಲೊಂದು ಚೀಟಿ ಇಡಿ.

ಯಾವ ಭಾಗ ಎಂದು ತಿಳಿಯಲು ದೇವಾಲಯದಲ್ಲಿ ಸಿಗುವ ಕ್ಯಾಲೆಂಡರ್ ನೋಡಿ. ತಾರೀಕಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. "ಮತ್ತಾಯ 20:1-16" ಎಂದಿದ್ದರೆ 20ನೇ ಅಧ್ಯಾಯ, 1ನೇ ವಚನದಿಂದ 16ರವರೆಗೆ ಎಂದರ್ಥ. ನಡುವೆ ಅಲ್ಪವಿರಾಮ ಇದ್ದರೆ ಕೆಲವು ವಚನ ಬಿಟ್ಟು ಮುಂದೆ ಹೋಗಬೇಕು. ಕೀರ್ತನೆಗೆ ಕೆಲವು ಕಡೆ ಎರಡು ಸಂಖ್ಯೆ ಕಾಣುತ್ತದೆ. ಹೀಬ್ರೂ ಮೂಲದ ಎಣಿಕೆಗೂ ಹಳೆಯ ಗ್ರೀಕ್, ಲ್ಯಾಟಿನ್ ಅನುವಾದದ ಎಣಿಕೆಗೂ ನಡುವೆ ಸಾಮಾನ್ಯವಾಗಿ ಒಂದರ ವ್ಯತ್ಯಾಸ ಇದೆ. ಒಳ್ಳೆಯ ಕುರುಬನ ಕೀರ್ತನೆ ಒಂದರಲ್ಲಿ 23, ಇನ್ನೊಂದರಲ್ಲಿ 22. ತಪ್ಪು ಕೀರ್ತನೆ ಸಿಕ್ಕಿತು ಅನಿಸಿದರೆ ಹಿಂದಿನದ್ದೋ ಮುಂದಿನದ್ದೋ ನೋಡಿ.

ಮೊಬೈಲಿನಲ್ಲಿ ಓದುವವರಿಗೆ ಮೂರು ಎಚ್ಚರಿಕೆ.

ಮೊದಲನೆಯದು, ಮಳೆಗಾಲ. ಜೂನ್ ಬಂದರೆ ನಮ್ಮಲ್ಲಿ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ. ಒಂದು ತಿಂಗಳ ಪಟ್ಟಿಯನ್ನು ಮೊದಲೇ ಕಾಗದಕ್ಕೆ ಬರೆದಿಟ್ಟುಕೊಳ್ಳಿ.

ಎರಡನೆಯದು, ಹೊರದೇಶದ ಆ್ಯಪ್. ಎಲ್ಲ ಹಬ್ಬಗಳೂ ಎಲ್ಲ ದೇಶದಲ್ಲೂ ಒಂದೇ ದರ್ಜೆಯಲ್ಲಿ ಬರುವುದಿಲ್ಲ. ಜುಲೈ 3ರ ಸಂತ ತೋಮಾಸರ ಹಬ್ಬ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ ಭಾರತದಲ್ಲಿ ಮಹಾಹಬ್ಬಗಳು. ಅಂದಿನ ವಾಚನ ಆ್ಯಪ್‌ನಲ್ಲಿ ಬೇರೆಯೇ ಇರಬಹುದು. ನಿಮ್ಮ ದೇವಾಲಯದ ಪಾಲಕ ಸಂತರ ಹಬ್ಬವೂ ಹಾಗೆಯೇ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ 1792ರಷ್ಟು ಹಳೆಯದು. ಅನ್ನಮ್ಮನವರ ಸ್ಮರಣೆ ಬೇರೆ ಕಡೆ ಚಿಕ್ಕ ಹಬ್ಬವಾದರೂ ಅವರ ಹೆಸರಿನ ದೇವಾಲಯದಲ್ಲಿ ಅದು ಮಹಾಹಬ್ಬ, ಅದಕ್ಕೆ ಅದರದೇ ವಾಚನ.

ಮೂರನೆಯದು, ಸೀರೋ-ಮಲಬಾರ್ ಸಭೆಯ ಕುಟುಂಬಗಳು. ಅವರೂ ಕಥೋಲಿಕರೇ, ಆದರೆ ಅವರ ಪೂಜಾವಿಧಿಗೆ ತನ್ನದೇ ಕಾಲಗಳು, ತನ್ನದೇ ವಾಚನಗಳು ಇವೆ. ನಾನು ಇಲ್ಲಿ ಹೇಳಿದ ಲೆಕ್ಕ ಲ್ಯಾಟಿನ್ ವಿಧಿಯದ್ದು. ನೀವು ಆ ಸಭೆಯವರಾದರೆ ನಿಮ್ಮ ಕ್ಯಾಲೆಂಡರನ್ನೇ ಹಿಡಿಯಿರಿ. ಮುಂದೆ ಹೇಳುವ ಹಂತಗಳು ಎಲ್ಲರಿಗೂ ಒಂದೇ.

2. ಎರಡು ಸಲ ಓದಿ, ಎರಡನೇ ಸಲ ಬಾಯಿಬಿಟ್ಟು

ಶಿಲುಬೆ ಗುರುತು ಹಾಕಿಕೊಳ್ಳಿ. "ಪವಿತ್ರಾತ್ಮರೇ, ನನ್ನ ಕಿವಿ ತೆರೆಯಿರಿ" ಎಂದು ಒಂದು ಮಾತು ಹೇಳಿ. ಮೊದಲು ಶುಭಸಂದೇಶ ಓದಿ, ಆಮೇಲೆ ಕೀರ್ತನೆ, ಆಮೇಲೆ ಮೊದಲ ವಾಚನ. ಪೂಜೆಯಲ್ಲಿ ಕ್ರಮ ಬೇರೆ ಇದೆ, ಗೊತ್ತು. ಆದರೆ ಹೊಸಬರು ಮೊದಲ ವಾಚನದಿಂದ ಶುರು ಮಾಡಿದರೆ ಅಲ್ಲೇ ಸಿಕ್ಕಿಹಾಕಿಕೊಂಡು ಶುಭಸಂದೇಶಕ್ಕೆ ಬರುವುದೇ ಇಲ್ಲ. ಅಭ್ಯಾಸವಾದ ಮೇಲೆ ಸರಿಯಾದ ಕ್ರಮಕ್ಕೆ ಬನ್ನಿ.

ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ ಧ್ವನಿ ತೆಗೆದು, ನಿಧಾನವಾಗಿ. ಕಣ್ಣು ಹಾರಿಸಿಬಿಡುವ ಪದವನ್ನು ನಾಲಿಗೆ ಹಾರಿಸುವುದಿಲ್ಲ. ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ ಅವರ ಪಕ್ಕ ಕೂತು ಓದಿ. ಅವರಿಗೂ ವಾಕ್ಯ ಸಿಗುತ್ತದೆ, ನಿಮಗೆ ಅವರ ನೆನಪುಗಳು ಸಿಗುತ್ತವೆ.

ಎಚ್ಚರ: ಎರಡು ವಾಚನಗಳನ್ನು ಹೇಗಾದರೂ ಗಂಟು ಹಾಕಲೇಬೇಕು ಎಂದು ಒದ್ದಾಡಬೇಡಿ. ಭಾನುವಾರ ಸಾಮಾನ್ಯವಾಗಿ ಮೊದಲ ವಾಚನವನ್ನು ಶುಭಸಂದೇಶಕ್ಕೆ ಹೊಂದುವ ಹಾಗೆ ಆರಿಸಿರುತ್ತಾರೆ. ಸಾಧಾರಣ ಕಾಲದ ವಾರದ ದಿನಗಳಲ್ಲಿ ಹಾಗಲ್ಲ. ಎರಡೂ ತಂತಮ್ಮ ದಾರಿಯಲ್ಲಿ ದಿನದಿಂದ ದಿನಕ್ಕೆ ಮುಂದುವರಿಯುತ್ತವೆ. ಹೊಂದಿಕೆ ಕಾಣದಿದ್ದರೆ ತಪ್ಪು ನಿಮ್ಮದಲ್ಲ. ಅದರ ಬದಲು ನಿನ್ನೆ ಎಲ್ಲಿಗೆ ನಿಂತಿತ್ತು ಎಂದು ಒಮ್ಮೆ ನೋಡಿ. ಕಥೆ ಅಲ್ಲಿಂದಲೇ ಮುಂದೆ ಬಂದಿರುತ್ತದೆ.

3. ಆಗ ಅಲ್ಲಿ ಏನು ನಡೆಯಿತು ಎಂದು ಮೊದಲು ಕೇಳಿ

ನಮಗೆ ಅವಸರ. ಓದಿದ ಕೂಡಲೇ "ಇದರಿಂದ ನನಗೇನು?" ಎಂದು ಕೇಳುತ್ತೇವೆ. ಸ್ವಲ್ಪ ತಡೆಯಿರಿ. ಯೇಸುಸ್ವಾಮಿ ಯಾರ ಜೊತೆ ಮಾತಾಡುತ್ತಿದ್ದಾರೆ? ಎಲ್ಲಿ? ಕೇಳಿದವರಿಗೆ ಯಾಕೆ ಸಿಟ್ಟು ಬಂತು, ಅಥವಾ ಯಾಕೆ ಖುಷಿಯಾಯಿತು? ಬೈಬಲ್‌ನ ಅಡಿಟಿಪ್ಪಣಿ ಇದ್ದರೆ ಓದಿ.

ಕೊಡಗಿನವರಿಗೆ ಇಲ್ಲೊಂದು ಅನುಕೂಲ ಇದೆ. ಯೇಸುಸ್ವಾಮಿ ಹೇಳಿದ ಕಥೆಗಳಲ್ಲಿ ಬಿತ್ತನೆ, ಕಳೆ, ಗೊಬ್ಬರ, ಕೂಲಿ, ಕುಯ್ಲು ತುಂಬಿವೆ. ಯೊವಾನ್ನ 15ನೇ ಅಧ್ಯಾಯದ ದ್ರಾಕ್ಷಿಬಳ್ಳಿಯ ಮಾತು ಪಾಸ್ಖ ಕಾಲದಲ್ಲಿ ಬರುತ್ತದೆ. ನಮ್ಮ ತೋಟಗಳಲ್ಲಿ ಕುಯ್ಲು ಮುಗಿದು ಕಪಾತಿನ, ಅಂದರೆ ಕೊಂಬೆ ಸವರುವ, ಕೆಲಸ ನಡೆಯುವ ಕಾಲವೂ ಹೆಚ್ಚುಕಡಿಮೆ ಅದೇ. ಫಲ ಕೊಡದ ಕೊಂಬೆಯನ್ನು ತಂದೆ ಕತ್ತರಿಸುತ್ತಾರೆ, ಫಲ ಕೊಡುವ ಕೊಂಬೆಯನ್ನೂ ಸವರುತ್ತಾರೆ, ಇನ್ನೂ ಹೆಚ್ಚು ಫಲ ಕೊಡಲಿ ಎಂದು. ಕಾಫಿ ಗಿಡಕ್ಕೆ ಕತ್ತರಿ ಹಾಕಿದವರಿಗೆ ಈ ಎರಡನೇ ಮಾತು ಬೇರೆಯವರಿಗಿಂತ ಬೇಗ ತಿಳಿಯುತ್ತದೆ. ಸವರಿದ ಗಿಡ ಸಿಟ್ಟಿನ ಗುರುತಲ್ಲ, ಬೇಡವಾದದ್ದೂ ಅಲ್ಲ. ಯಜಮಾನನ ಲೆಕ್ಕದಲ್ಲಿ ಮುಂದಿನ ವರ್ಷಕ್ಕೆ ಇರುವ ಗಿಡ ಅದು. ಕಾಯಿಲೆಯಲ್ಲೋ ನಷ್ಟದಲ್ಲೋ ಇರುವಾಗ ಈ ವಾಚನ ಬಂದರೆ ತೋಟಕ್ಕೆ ಹೋಗಿ ಒಂದು ಗಿಡದ ಮುಂದೆ ನಿಂತು ಮತ್ತೆ ಓದಿ.

4. ಕಥೆಯಲ್ಲಿ ನಿಮ್ಮ ಜಾಗ ಹುಡುಕಿ

ನಾನು ಜಾಸ್ತಿ ಹೊತ್ತು ಕೂರುವ ಹಂತ ಇದು. ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ.

ಮತ್ತಾಯ 20:1-16 ಪ್ರತಿ ವರ್ಷ ಆಗಸ್ಟ್ ನಡುವಿನ ಸುಮಾರಿಗೆ, ಸಾಧಾರಣ ಕಾಲದ 20ನೇ ವಾರದ ಬುಧವಾರ ಬರುತ್ತದೆ. ಎ ವರ್ಷದಲ್ಲಿ 25ನೇ ಭಾನುವಾರವೂ ಬರುತ್ತದೆ. ತೋಟದ ಯಜಮಾನ ಬೆಳಗಿನ ಜಾವ ಹೋಗಿ ಆಳುಗಳನ್ನು ಕರೆಯುತ್ತಾನೆ. ದಿನಕ್ಕೆ ಒಂದು ದೆನಾರಿ ಎಂದು ಮಾತಾಗುತ್ತದೆ. ದೆನಾರಿ ಎಂದರೆ ಆ ಕಾಲದ ಬೆಳ್ಳಿ ನಾಣ್ಯ, ಒಂದು ದಿನದ ಕೂಲಿ. ಮತ್ತೆ 9 ಗಂಟೆಗೆ, 12ಕ್ಕೆ, 3ಕ್ಕೆ ಹೋಗಿ ಇನ್ನಷ್ಟು ಜನರನ್ನು ಕರೆಯುತ್ತಾನೆ. ಸಂಜೆ 5ಕ್ಕೂ ಹೋಗುತ್ತಾನೆ. ಅಲ್ಲಿ ನಿಂತವರನ್ನು "ಇಡೀ ದಿನ ಯಾಕೆ ಸುಮ್ಮನೆ ನಿಂತಿದ್ದೀರಿ?" ಎಂದು ಕೇಳುತ್ತಾನೆ. ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಎಂಬುದು ಅವರ ಉತ್ತರ. ಸಂಜೆ ಬಟವಾಡೆ. ಪಾರುಪತ್ಯಗಾರ, ನಮ್ಮ ಕಡೆ ತೋಟದ ಲೆಕ್ಕ ಬರೆಯುವ ರೈಟರ್ ಇದ್ದ ಹಾಗೆ, ಕೊನೆಗೆ ಬಂದವರಿಂದ ಶುರು ಮಾಡಿ ಎಲ್ಲರಿಗೂ ಒಂದೊಂದು ದೆನಾರಿ ಕೊಡುತ್ತಾನೆ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವರು ಗೊಣಗುತ್ತಾರೆ.

ರೋಬಸ್ಟಾ ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಪಿಕಪ್‌ಗಾಗಿ ಕಾದು ನಿಂತ ಜನರನ್ನು ನೀವು ನೋಡಿದ್ದೀರಿ ಅಲ್ವಾ? ಗಟ್ಟಿಮುಟ್ಟಾದವರು ಮೊದಲ ಗಾಡಿಯಲ್ಲೇ ಹೋಗುತ್ತಾರೆ. ವಯಸ್ಸಾದವರು, ಕಾಲು ನೋವಿನವರು, ಭಾಷೆ ಬಾರದ ಹೊಸಬರು ಉಳಿಯುತ್ತಾರೆ. 5 ಗಂಟೆಯವರೆಗೂ ಯಾರೂ ಕರೆಯದೆ ನಿಂತವನು ಸೋಮಾರಿಯಲ್ಲ. ಅವನ ಮನೆಯಲ್ಲೂ ಸಂಜೆ ಅನ್ನ ಬೇಯಬೇಕು. ಒಂದು ದಿನದ ಕೂಲಿಗಿಂತ ಕಡಿಮೆ ಸಿಕ್ಕರೆ ಮನೆಯವರಿಗೆ ಅರೆಹೊಟ್ಟೆ. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ 24ನೇ ಅಧ್ಯಾಯವೂ ಬಡ ಕೂಲಿಯವನ ಹಣವನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕು ಎನ್ನುತ್ತದೆ. ಇಷ್ಟು ತಿಳಿದರೆ ಯಜಮಾನ ಯಾಕೆ ಹಾಗೆ ಮಾಡಿದ ಎಂಬುದು ಕಾಣತೊಡಗುತ್ತದೆ.

ಈಗ ಕೇಳಿಕೊಳ್ಳಿ. ಈ ಕಥೆಯಲ್ಲಿ ಇವತ್ತು ನಾನೆಲ್ಲಿ ನಿಂತಿದ್ದೇನೆ?

ಬೆಳಿಗ್ಗೆ ಬಂದವರ ಸಾಲಿನಲ್ಲಾ? ಇಪ್ಪತ್ತು ವರ್ಷದಿಂದ ಗಾಯನ ಮಂಡಳಿಯಲ್ಲಿದ್ದೇನೆ, ನಿನ್ನೆ ಬಂದವರಿಗೆ ಮುಂದಿನ ಸಾಲು ಯಾಕೆ ಎಂಬ ಗೊಣಗಾಟ ನನ್ನಲ್ಲಿದೆಯಾ? ಸಂಜೆ 5ರ ಸಾಲಿನಲ್ಲಾ? ಎಷ್ಟೋ ವರ್ಷ ಪಾಪನಿವೇದನೆಗೆ ಹೋಗದೆ, ಈಗ ಯಾವ ಮುಖದಲ್ಲಿ ಹೋಗಲಿ ಎಂದು ಹಿಂಜರಿಯುತ್ತಿದ್ದೇನಾ? ಅಥವಾ ನನ್ನ ಕೈಕೆಳಗೆ ನಾಲ್ಕು ಜನ ದುಡಿಯುತ್ತಾರಾ? ಯಜಮಾನನ ಕಣ್ಣು ನನಗೆ ಬೇಕಾ?

ಒಂದೇ ಜಾಗ ಆರಿಸಿ. ಮುಂದಿನ ವರ್ಷ ಇದೇ ವಾಚನ ಬಂದಾಗ ನೀವು ಬೇರೆ ಸಾಲಿನಲ್ಲಿರಬಹುದು.

ಎಚ್ಚರ: ಈ ಹಂತದಲ್ಲಿ ಆಗುವ ತಪ್ಪುಗಳು ದೊಡ್ಡವು.

ಬೇರೆಯವರ ಜಾಗ ಹುಡುಕುವುದು ಅದರಲ್ಲಿ ಮೊದಲನೆಯದು. "ಇದು ನಮ್ಮ ಅತ್ತಿಗೆಗೆ ಹೇಳಿದ ಹಾಗೇ ಇದೆ" ಅನಿಸಿದ ಕ್ಷಣ ನಿಲ್ಲಿಸಿ. ಆ ವಚನದ ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ದೇವರ ವಾಕ್ಯವನ್ನು ಕಲ್ಲಿನ ಹಾಗೆ ಎಸೆದರೆ ಪೆಟ್ಟು ತಿಂದವರು ಆಮೇಲೆ ಆ ವಾಕ್ಯವನ್ನೇ ದೂರ ಇಡುತ್ತಾರೆ. ಹಾಗೆ ದೂರ ಹೋದವರನ್ನು ಕಂಡಿದ್ದೇನೆ. ಮರಳಿ ಕರೆತರುವುದು ತುಂಬ ಕಷ್ಟ.

ಇನ್ನೊಂದು, ನಮಗೆ ಬೇಕಾದ ಅರ್ಧ ಮಾತು ಹಿಡಿಯುವುದು. ಇದೇ ಕಥೆಯಲ್ಲಿ ಯಜಮಾನ, ನನ್ನದನ್ನು ನನ್ನ ಇಷ್ಟದಂತೆ ಕೊಡಬಾರದೇ ಎಂದು ಕೇಳುತ್ತಾನೆ. ಅದನ್ನಷ್ಟೇ ಹಿಡಿದು ಕೂಲಿ ಕಡಿಮೆ ಕೊಡಲು ಬಳಸಿದರೆ ಕಥೆ ತಲೆಕೆಳಗಾಗುತ್ತದೆ. ಆ ಯಜಮಾನ ಮಾತು ಕೊಟ್ಟದ್ದಕ್ಕಿಂತ ಕಡಿಮೆ ಯಾರಿಗೂ ಕೊಡಲಿಲ್ಲ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಕೋಬರ ಪತ್ರದ 5ನೇ ಅಧ್ಯಾಯ ಹೇಳುತ್ತದೆ. ಒಂದು ವಾಕ್ಯ ನಮ್ಮ ಜೇಬಿಗೆ ಅನುಕೂಲವಾಗಿ ಕಂಡರೆ ಇನ್ನೊಂದು ಕಡೆ ಬೈಬಲ್ ಏನು ಹೇಳುತ್ತದೆ ಎಂದು ನೋಡಲೇಬೇಕು.

ಮತ್ತೊಂದು, ವಾಚನವನ್ನು ದಿನಭವಿಷ್ಯದ ಹಾಗೆ ಓದುವುದು. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟು, ಅದೇ ಉತ್ತರ ಎಂದು ಜಮೀನು ಮಾರುವವರು, ಮದುವೆ ನಿಶ್ಚಯಿಸುವವರು ಇದ್ದಾರೆ. ದಯವಿಟ್ಟು ಬೇಡ. ವಾಕ್ಯ ನಮ್ಮ ಮನಸ್ಸನ್ನು ತಿದ್ದುತ್ತದೆ. ತಿದ್ದಿದ ಮನಸ್ಸಿನಿಂದ ಯೋಚಿಸಿ, ತಿಳಿದವರನ್ನು ಕೇಳಿ, ನಿರ್ಧಾರವನ್ನು ನಾವೇ ಮಾಡಬೇಕು.

5. ಒಂದೇ ಒಂದು ಸಾಲು ಬರೆದುಕೊಳ್ಳಿ

ಇಡೀ ಭಾಗ ನೆನಪಿಡಲು ಹೋದರೆ ಏನೂ ಉಳಿಯುವುದಿಲ್ಲ. ಮನಸ್ಸಿಗೆ ತಗಲಿದ ಒಂದು ಸಾಲನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಮೇಲಿನ ಉದಾಹರಣೆಯಲ್ಲಿ ನಾನಾದರೆ "ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ" ಎಂದು ಬರೆಯುತ್ತೇನೆ. ಯಾವ ಸಾಲೂ ತಗಲದ ದಿನ ಕೀರ್ತನೆಯಲ್ಲಿ ಎಲ್ಲರೂ ಮತ್ತೆ ಮತ್ತೆ ಹೇಳುವ ಶ್ಲೋಕವನ್ನೇ ಬರೆದುಕೊಳ್ಳಿ. ಗಿಡದಿಂದ ಗಿಡಕ್ಕೆ ಹೋಗುವಾಗ, ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಮನಸ್ಸಿನಲ್ಲೇ ಹೇಳಲು ಅಷ್ಟು ಉದ್ದವೇ ಸರಿ.

6. ಅದೇ ಸಾಲಿನಿಂದ ಪ್ರಾರ್ಥಿಸಿ

ಎರಡು ನಿಮಿಷ ಸಾಕು. ಆ ಸಾಲನ್ನು ಯೇಸುಸ್ವಾಮಿಯ ಮುಂದಿಟ್ಟು ನಿಮ್ಮ ಮಾತಿನಲ್ಲಿ ಮಾತಾಡಿ. "ಸ್ವಾಮಿ, ಯಾರೂ ಕರೆಯದೆ ನಿಂತವರು ನನ್ನ ಕಣ್ಣಿಗೆ ಬೀಳುವುದಿಲ್ಲ, ಕಣ್ಣು ಕೊಡಿ." ಆಮೇಲೆ ಸ್ವಲ್ಪ ಹೊತ್ತು ಏನೂ ಹೇಳದೆ ಕೂತಿರಿ.

ಇದು ಹೊಸ ವಿಧಾನವೇನಲ್ಲ. ಲೆಕ್ಸಿಯೊ ದಿವಿನಾ, ಅಂದರೆ ದೈವಿಕ ಓದು, ಎಂಬ ಹಳೆಯ ಪದ್ಧತಿ ಇದೆ. 12ನೇ ಶತಮಾನದಲ್ಲಿ ಎರಡನೇ ಗೀಗೊ ಎಂಬ ಕಾರ್ತೂಸಿಯನ್ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲ ಏಣಿಯಾಗಿ ವಿವರಿಸಿದರು: ಓದು, ಮನನ, ಪ್ರಾರ್ಥನೆ, ಮೌನದಲ್ಲಿ ದೇವರ ಸನ್ನಿಧಿ. 2010ರಲ್ಲಿ ಜಗದ್ಗುರು (ಪೋಪ್) 16ನೇ ಬೆನೆಡಿಕ್ಟರು ದೇವರ ವಾಕ್ಯದ ಬಗ್ಗೆ ಬರೆದ ಪತ್ರದಲ್ಲಿ, ಕಾರ್ಯಕ್ಕೆ ಬರುವವರೆಗೂ ಈ ಓದು ಮುಗಿಯುವುದಿಲ್ಲ ಎಂದು ನೆನಪಿಸಿದರು. ನಮ್ಮ ಮುಂದಿನ ಹಂತ ಅದೇ.

7. ಒಂದು ಕೆಲಸ ಗೊತ್ತು ಮಾಡಿ: ಯಾರಿಗೆ, ಯಾವಾಗ, ಏನು

"ಇವತ್ತು ಎಲ್ಲರನ್ನೂ ಪ್ರೀತಿಸುತ್ತೇನೆ" ಎಂದು ಬರೆದರೆ ಸಂಜೆಗೆ ಏನೂ ನಡೆದಿರುವುದಿಲ್ಲ. ಒಬ್ಬ ವ್ಯಕ್ತಿ, ಒಂದು ಹೊತ್ತು, ಒಂದು ಕೆಲಸ ಬರೆಯಿರಿ.

"10 ಗಂಟೆಯ ಚಹಾ ಹೊತ್ತಿಗೆ ಅಸ್ಸಾಮಿನಿಂದ ಬಂದ ಹೊಸ ಹುಡುಗನ ಹೆಸರು ಕೇಳುತ್ತೇನೆ." "ಕಾಲು ನೋವಿನ ಅಜ್ಜಿಗೆ ಕಣದಲ್ಲಿ ಕೂತು ಮಾಡುವ ಕೆಲಸ ಕೊಡಿ ಎಂದು ಮೇಸ್ತ್ರಿಯನ್ನು ಮಧ್ಯಾಹ್ನ ಕೇಳುತ್ತೇನೆ." "ತಂಗಿಗೆ ರಾತ್ರಿ ಫೋನ್ ಮಾಡುತ್ತೇನೆ, ಗಡಿಯ ವಿಷಯ ಎತ್ತುವುದಿಲ್ಲ." ಇಷ್ಟು ಚಿಕ್ಕದಾಗಿರಲಿ. ದುಡ್ಡು ಖರ್ಚಾಗಲೇಬೇಕೆಂದಿಲ್ಲ.

ಕೆಲವು ದಿನ ವಾಕ್ಯ ಕೇಳುವುದು ಕೆಲಸವನ್ನಲ್ಲ, ಒಂದು ಕೆಲಸ ಬಿಡುವುದನ್ನು. ಒಬ್ಬರ ಬಗ್ಗೆ ಆಡಬೇಕೆಂದಿದ್ದ ಮಾತನ್ನು ಆಡದೆ ಬಿಡುವುದು. ಅದನ್ನೂ ಬರೆಯಿರಿ. ವಿಶ್ರಾಂತಿ ಪಡೆಯಿರಿ ಎಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳುವ ದಿನವೂ ಇದೆ, ಮಾರ್ಕ 6ನೇ ಅಧ್ಯಾಯದಲ್ಲಿ. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತ ಅಮ್ಮಂದಿರು ಅಂದು ಅರ್ಧ ಗಂಟೆ ಕೂರುವುದೂ ವಾಕ್ಯ ಪಾಲಿಸಿದಂತೆಯೇ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅವರು ಎಲ್ಲ ವಾಕ್ಯವನ್ನೂ "ಇನ್ನೂ ದುಡಿ" ಎಂದೇ ಓದಿಕೊಳ್ಳುತ್ತಾರೆ.

8. ಸಂಜೆ ಲೆಕ್ಕ ನೋಡಿ

ರೈಟರ್ ಸಂಜೆ ಚೆಕ್‌ರೋಲ್ ತುಂಬುತ್ತಾರಲ್ಲ, ಯಾರು ಬಂದರು, ಯಾರು ಬರಲಿಲ್ಲ ಎಂದು, ಹಾಗೆ. ಜಪಸರದ ಪ್ರಾರ್ಥನೆ ಮುಗಿದ ಮೇಲೆ ನೋಟ್‌ಬುಕ್ ತೆರೆಯಿರಿ. ಮೊದಲು ದಿನದಲ್ಲಿ ಸಿಕ್ಕ ಒಳ್ಳೆಯದಕ್ಕೆ ಕೃತಜ್ಞತೆ ಹೇಳಿ. ಆಮೇಲೆ ಬೆಳಗಿನ ಕೆಲಸ ಆಯಿತಾ ನೋಡಿ. ಆಗಿದ್ದರೆ ಒಂದು ಗುರುತು. ಆಗದಿದ್ದರೆ ಯಾಕೆ ಎಂದು ನಾಲ್ಕು ಪದ. ಕೊನೆಗೆ ಕ್ಷಮೆ ಕೇಳಿ, ನಾಳೆಗೆ ಸಹಾಯ ಬೇಡಿ. ಲೊಯೋಲದ ಸಂತ ಇಗ್ನಾಸಿಯವರು 16ನೇ ಶತಮಾನದಲ್ಲಿ ಕಲಿಸಿದ ಆತ್ಮಪರೀಕ್ಷೆಯ ಸರಳ ರೂಪ ಇದು.

ಕೃತಜ್ಞತೆಯನ್ನು ಬಿಟ್ಟು ನೇರ ತಪ್ಪಿಗೆ ಹೋಗಬೇಡಿ. ಹಾಗೆ ಮಾಡಿದವರು ಒಂದು ವಾರದಲ್ಲಿ ನೋಟ್‌ಬುಕ್ ಮುಚ್ಚಿಬಿಡುತ್ತಾರೆ.

ಕಷ್ಟದ ವಾಚನ ಬಂದಾಗ

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ತೆನೆಹಬ್ಬ. ಹೊಸ ತೆನೆ ಹಿಡಿದು ಸಂಭ್ರಮದಲ್ಲಿ ದೇವಾಲಯಕ್ಕೆ ಹೋದರೆ ಅಂದಿನ ಶುಭಸಂದೇಶದಲ್ಲಿ ಬರೀ ಹೆಸರುಗಳು! ಮತ್ತಾಯನ ಮೊದಲ ಅಧ್ಯಾಯ, ಯೇಸುವಿನ ವಂಶಾವಳಿ. ಹಾರಿಸಬೇಡಿ. ಅದರಲ್ಲಿ ಮರಿಯಮ್ಮನವರಿಗೂ ಮೊದಲು ನಾಲ್ವರು ಹೆಂಗಸರು ಬರುತ್ತಾರೆ: ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ. ಒಬ್ಬೊಬ್ಬರ ಬದುಕಲ್ಲೂ ಊರವರು ಆಡಿಕೊಳ್ಳುವಂಥದ್ದು ಏನೋ ಇತ್ತು. ರೂತಳಂತೂ ಪರಊರಿನವಳು, ವಿಧವೆ. ಇವರನ್ನು ದೇವರು ತನ್ನ ಮಗನ ಮನೆತನದಿಂದ ಅಳಿಸಲಿಲ್ಲ. ಮನೆತನದ ಹೆಸರಿಗೆ ಇಷ್ಟು ಬೆಲೆ ಕೊಡುವ ನಮ್ಮ ನಾಡಿನಲ್ಲಿ, ನಮ್ಮ ಮನೆಯ ಪಟ್ಟಿಯಿಂದ ನಾವು ಯಾರ ಹೆಸರು ಬಿಟ್ಟಿದ್ದೇವೆ? ಅಂದು ತೆನೆಯ ಪಾಲನ್ನು ಅವರ ಮನೆಗೂ ಕಳಿಸಿ.

ಇನ್ನು ದುಃಖದ ದಿನಗಳು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ, "ಯಾರ ಪಾಪಕ್ಕೆ ಹೀಗಾಯಿತು?" ಎಂಬ ಮಾತು ಅಲ್ಲಲ್ಲಿ ಕೇಳಿಬಂತು. ಬೈಬಲ್ ವಚನ ಸೇರಿಸಿ ಹೇಳಿದವರೂ ಇದ್ದರು. ಯೇಸುಸ್ವಾಮಿ ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟಿದ್ದಾರೆ, ಲೂಕ 13:1-9ರಲ್ಲಿ. ಅಕ್ಟೋಬರ್ ಕೊನೆಯ ಸುಮಾರಿಗೆ, 29ನೇ ವಾರದ ಶನಿವಾರ ಅದು ಬರುತ್ತದೆ. ಸಿಲೋವಾಮಿನಲ್ಲಿ ಗೋಪುರ ಕುಸಿದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೇ? ಅಲ್ಲ ಎನ್ನುತ್ತಾರೆ ಸ್ವಾಮಿ. ಬದುಕಿರುವ ನೀವು ಮನಸ್ಸು ತಿರುಗಿಸಿಕೊಳ್ಳಿ ಎನ್ನುತ್ತಾರೆ. ಅದರ ಬೆನ್ನಿಗೇ ಫಲ ಬಿಡದ ಅಂಜೂರದ ಗಿಡದ ಕಥೆ ಬರುತ್ತದೆ. ಇನ್ನೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎಂದು ತೋಟಗಾರ ಬೇಡಿಕೊಳ್ಳುತ್ತಾನೆ. ಕಷ್ಟದಲ್ಲಿರುವವರ ಮನೆಗೆ ಹೋದಾಗ ಕಾರಣ ಹುಡುಕುವ ವಚನ ಬಾಯಿಗೆ ಬಂದರೆ ಅದನ್ನು ಅಲ್ಲೇ ತಡೆಯಿರಿ. ಅವರ ಪಕ್ಕ ಕೂತು ಕೀರ್ತನೆ ಓದಿ, ಅದರಲ್ಲೂ ಅಳುವ ಕೀರ್ತನೆ. ದೇವರ ಮುಂದೆ ಅಳುವುದನ್ನು ಬೈಬಲ್ ತಪ್ಪು ಎನ್ನುವುದಿಲ್ಲ.

ಯುದ್ಧ, ಶಾಪ, ರಕ್ತ ಇರುವ ಹಳೆಯ ಒಡಂಬಡಿಕೆಯ ಭಾಗಗಳಲ್ಲಿ ಅರ್ಥವಾಗದ್ದು ಬಂದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಭಾನುವಾರ ಗುರುಗಳನ್ನೋ ಸಿಸ್ಟರನ್ನೋ ಕೇಳಿ. ಅವರಿಗೂ ಇಂಥ ಪ್ರಶ್ನೆ ಬಂದರೆ ಸಂತೋಷವೇ.

ಮತ್ತೆ ಮತ್ತೆ ಕೇಳುವ ಕೆಲವು ಪ್ರಶ್ನೆಗಳು

ನಾಲ್ಕು ದಿನ ತಪ್ಪಿದರೆ? ಹಿಂದಿನದ್ದನ್ನೆಲ್ಲ ಒಟ್ಟಿಗೆ ಓದಿ ಮುಗಿಸಲು ಹೋಗಬೇಡಿ. ಇಂದಿನದ್ದನ್ನು ಓದಿ. ಇಸ್ರಯೇಲರಿಗೆ ಮರುಭೂಮಿಯಲ್ಲಿ ಮನ್ನ ಸಿಕ್ಕಿದ್ದೂ ಆಯಾ ದಿನಕ್ಕೆ ಬೇಕಾದಷ್ಟೇ.

ಮಕ್ಕಳ ಜೊತೆ ಹೇಗೆ? ಐದು ನಿಮಿಷ, ಶುಭಸಂದೇಶ ಮಾತ್ರ. ಓದಿದ ಮೇಲೆ "ಇದರಲ್ಲಿ ನೀನು ಯಾರಾಗಿರ್ತಿದ್ದೆ?" ಎಂದು ಕೇಳಿ. ಉತ್ತರವನ್ನು ತಿದ್ದಬೇಡಿ.

ಓದಿದರೆ ಪೂಜೆಗೆ ಹೋಗಬೇಕಾ? ಭಾನುವಾರ ಹೋಗಲೇಬೇಕು. ಮನೆಯ ಓದು ಬಲಿಪೂಜೆಯ ಬದಲಿಗಲ್ಲ. ಶನಿವಾರ ರಾತ್ರಿ ಭಾನುವಾರದ ವಾಚನ ಓದಿಕೊಂಡು ಹೋಗಿ ನೋಡಿ, ಗುರುಗಳ ಪ್ರಬೋಧನೆ ಬೇರೆ ರೀತಿ ಕೇಳಿಸುತ್ತದೆ.

ಗಂಡ, ಅಥವಾ ಹೆಂಡತಿ, ಒಪ್ಪುವುದಿಲ್ಲ ಅಂದರೆ? ಒತ್ತಾಯ ಬೇಡ. ನೀವು ಓದಿ, ನಿಮ್ಮ ಏಳನೇ ಹಂತದ ಕೆಲಸವನ್ನು ಆಗಾಗ ಅವರ ಹೆಸರಿಗೆ ಬರೆಯಿರಿ.

ನೋಟ್‌ಬುಕ್ ಬಗ್ಗೆ ಇನ್ನೊಂದು ಮಾತು. ಪುಟದ ಮೇಲೆ ತಾರೀಕಿನ ಜೊತೆ ವಾರವನ್ನೂ ಬರೆಯಿರಿ, "20ನೇ ವಾರ, ಬುಧವಾರ" ಎಂದು. ವಾರದ ದಿನದ ಶುಭಸಂದೇಶ ಪ್ರತಿ ವರ್ಷ ಅದೇ ಬರುತ್ತದೆ ಎಂದೆನಲ್ಲ, ಮುಂದಿನ ವರ್ಷ ಅದೇ ಪುಟ ತೆರೆಯಬಹುದು. ಅದಕ್ಕೇ ಪುಟದ ಮೇಲಿನ ಅರ್ಧದಲ್ಲಿ ಮಾತ್ರ ಬರೆಯಿರಿ. ಕೆಳಗಿನ ಅರ್ಧ ಖಾಲಿ ಇರಲಿ.